ಹಾಳು ಕೋಟೆಗೆ ಉಳಿದೋನೇ ರಾಜ: ಸೀಲ್ಯಾಂಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ಪ್ರಪಂಚದ ಅತಿ ಚಿಕ್ಕ ದೇಶ ವ್ಯಾಟಿಕನ್ ಅಂತ ಒಂದೇ ಒಂದು ಸಾಲು ಬರೆದಿದ್ದೆ, ಅಷ್ಟಕ್ಕೇ ಓದುಗರಿಂದ ಪತ್ರಗಳು ಬಂದ್ವು. "ಸೀಲ್ಯಾಂಡ್ ಮರೆತುಬಿಟ್ರಾ?" ಅನ್ನೋದೇ ಎಲ್ಲರ ತಕರಾರು. ಮರೆತಿಲ್ಲ, ಬೇಕಂತಾನೇ ಬಿಟ್ಟಿದ್ದು. ಯಾಕೆ ಬಿಟ್ಟೆ ಅಂತ ಹೇಳೋಕೆ ಈ ಸಲದ ಅಂಕಣ ಪೂರ್ತಿ ಬೇಕಾಯ್ತು ನೋಡಿ.

ಪ್ರಶ್ನೆ: ಸೀಲ್ಯಾಂಡಿಗೆ ಬಾವುಟ ಇದೆ, ರಾಷ್ಟ್ರಗೀತೆ ಇದೆ, ರಾಜ ಇದಾನೆ. ಮತ್ತೆ ಅದು ದೇಶ ಅಲ್ಲ ಅಂದ್ರೆ ಹೇಗೆ? ಅಸಲಿಗೆ ಅದು ಏನು?

ಅಸಲಿಗೆ ಅದು ಎರಡು ಕಾಂಕ್ರೀಟ್ ಕಂಬದ ಮೇಲೆ ಕೂತಿರೋ ಒಂದು ಅಟ್ಟ. ಎರಡನೇ ಮಹಾಯುದ್ಧದ ಟೈಮಲ್ಲಿ ಜರ್ಮನ್ ವಿಮಾನಗಳು ಬಂದು ಇಂಗ್ಲೆಂಡಿನ ಬಂದರುಗಳ ಬಾಯಲ್ಲೇ ಸಮುದ್ರಕ್ಕೆ ಮೈನ್, ಅಂದ್ರೆ ಹಡಗು ಬಂದ್ರೆ ಸಿಡಿಯೋ ಬಾಂಬು, ಉದುರಿಸಿ ಹೋಗ್ತಿದ್ವು, ಹಡಗು ಒಳಗೆ ಬರೋದೇ ಕಷ್ಟ ಆಗ್ತಿತ್ತು. ಆ ವಿಮಾನಗಳನ್ನ ತಡೆಯೋಕೆ ಅಂತ ಗೈ ಮೌನ್ಸೆಲ್ ಅನ್ನೋ ಸಿವಿಲ್ ಎಂಜಿನಿಯರ್ ಸಮುದ್ರದಲ್ಲೇ ನಿಲ್ಲಿಸೋ ಕೋಟೆಗಳ ಡಿಸೈನ್ ಮಾಡಿಕೊಟ್ಟ. ನೌಕಾಪಡೆಗೆ ಅಂತ ಕಟ್ಟಿದ್ದು ನಾಲ್ಕು, ಅದರಲ್ಲಿ ಒಂದು ರಫ್ಸ್ ಟವರ್. ಕಟ್ಟಿದ ರೀತಿ ಕೇಳಿದ್ರೆ ಮಜಾ ಅನ್ಸುತ್ತೆ. ದಡದಲ್ಲೇ 168 ಅಡಿ ಉದ್ದ 88 ಅಡಿ ಅಗಲದ ಒಂದು ಟೊಳ್ಳು ಕಾಂಕ್ರೀಟ್ ಬುಡ ಮಾಡಿದ್ರು, ಅದರ ಮೇಲೆ ಎರಡು ಟೊಳ್ಳು ಕಂಬ ಎಬ್ಬಿಸಿದ್ರು, ಕಂಬದ ಮೇಲೆ ಡೆಕ್ ಹಾಕಿ, ಆಮೇಲೆ ಅಷ್ಟನ್ನೂ ದೋಣಿ ಥರ ತೇಲಿಸ್ಕೊಂಡು ಟಗ್‌ಗಳಿಂದ ಎಳ್ಕೊಂಡು ಹೋಗಿ, 1943ರ ಫೆಬ್ರವರೀಲಿ ಇಂಗ್ಲೆಂಡಿನ ಸಫೋಕ್ ತೀರದಿಂದ ಸುಮಾರು 12 ಕಿಲೋಮೀಟರ್ ಆಚೆ ಇರೋ ರಫ್ ಸ್ಯಾಂಡ್ಸ್ ಅನ್ನೋ ಮರಳುದಿಬ್ಬದ ಮೇಲೆ ಬುಡಕ್ಕೆ ನೀರು ತುಂಬಿಸಿ ಮುಳುಗಿಸಿದ್ರು. ಬುಡ ಕೆಳಗೆ ಕೂತ್ಕೊಳ್ತು, ಕಂಬ ಮತ್ತು ಡೆಕ್ ಮೇಲೆ ಉಳೀತು. ಸೈನಿಕರು ಮಲಗ್ತಿದ್ದಿದ್ದು, ಸಾಮಾನು ಇಡ್ತಿದ್ದಿದ್ದು ಎಲ್ಲ ಆ ಕಂಬದೊಳಗೇ. ಒಂದೊಂದು ಕಂಬದಲ್ಲಿ ಏಳು ಮಹಡಿ, ಅದರಲ್ಲಿ ಕೆಲವು ಸಮುದ್ರದ ನೀರಿಗಿಂತ ಕೆಳಗೆ. ಗೋಡೆ ಆಚೆಗೆ ಸಮುದ್ರ, ಈಚೆಗೆ ಹಾಸಿಗೆ. ಯುದ್ಧ ಮುಗೀತು, 1956ರಲ್ಲಿ ಕೊನೇ ಸಿಬ್ಬಂದೀನೂ ವಾಪಸ್ ಕರೆಸ್ಕೊಂಡ್ರು, ಕೋಟೆ ಹಾಳು ಬಿತ್ತು.

ಪ್ರಶ್ನೆ: ಹಾಳು ಬಿದ್ದಿದ್ದ ಕೋಟೆಗೆ ರಾಜ ಎಲ್ಲಿಂದ ಬಂದ?

ರೇಡಿಯೋದಿಂದ. ತಮಾಷೆ ಅಲ್ಲ. ಆಗ ಬ್ರಿಟನ್ನಲ್ಲಿ ರೇಡಿಯೋ ಅಂದ್ರೆ ಬಿಬಿಸಿ ಮಾತ್ರ, ಅದರಲ್ಲಿ ಹುಡುಗರಿಗೆ ಬೇಕಾದ ಪಾಪ್ ಹಾಡು ಬರ್ತಿದ್ದಿದ್ದು ಅಪರೂಪಕ್ಕೆ. 1964ರಲ್ಲಿ ರೇಡಿಯೋ ಕ್ಯಾರೊಲೈನ್‌ನೋರು ಒಂದು ಹಡಗನ್ನ ಮೂರು ನಾಟಿಕಲ್ ಮೈಲಿಯಾಚೆ ನಿಲ್ಲಿಸಿ ದಿನವಿಡೀ ಹಾಡು ಹಾಕೋಕೆ ಶುರು ಮಾಡಿದ್ರು. ಆಗ ಬ್ರಿಟನ್ನಿನ ಗಡಿ ಸಮುದ್ರದಲ್ಲಿ ಮೂರು ನಾಟಿಕಲ್ ಮೈಲಿ, ಅಂದ್ರೆ ಐದೂವರೆ ಕಿಲೋಮೀಟರ್ ಅಷ್ಟೇ, ಅದರಾಚೆ ಲೈಸೆನ್ಸ್ ಕೇಳೋರು ಯಾರೂ ಇಲ್ಲ. ಇವನ್ನೇ ಪೈರೇಟ್ ರೇಡಿಯೋ ಅಂತಿದ್ದಿದ್ದು.

ರಾಯ್ ಬೇಟ್ಸ್ ಅಂತ ಒಬ್ಬ, ಸೈನ್ಯದಲ್ಲಿ ಮೇಜರ್ ಆಗಿದ್ದೋನು, ಆಮೇಲೆ ಮೀನುಗಾರಿಕೆ ದಂಧೆ ಮಾಡ್ಕೊಂಡಿದ್ದ. ಹಡಗಿಗೆ ಯಾಕೆ ದುಡ್ಡು ಸುರೀಬೇಕು, ಸರ್ಕಾರ ಬಿಟ್ಟುಹೋದ ಕೋಟೆಗಳೇ ಇದಾವಲ್ಲ ಅಂತ 1965ರಲ್ಲಿ ನಾಕ್ ಜಾನ್ ಅನ್ನೋ ಕೋಟೆ ಹತ್ತಿ ರೇಡಿಯೋ ಎಸೆಕ್ಸ್ ಶುರು ಮಾಡಿದ. ಲೆಕ್ಕ ತಪ್ಪಿತ್ತು. ಆ ಕೋಟೆ ಮೂರು ಮೈಲಿ ಒಳಗೇ ಬರುತ್ತೆ ಅಂತ ಕೋರ್ಟ್ ಹೇಳ್ತು, ದಂಡ ಬಿತ್ತು, 1966ರ ಕ್ರಿಸ್‌ಮಸ್ ಹೊತ್ತಿಗೆ ಸ್ಟೇಷನ್ ಬಂದ್. ಇವನೇನೂ ಸುಮ್ನೆ ಮನೇಗೆ ಹೋಗೋ ಆಸಾಮಿ ಅಲ್ಲ, ಗಡಿಯಿಂದ ನಿಜವಾಗ್ಲೂ ಹೊರಗಿದ್ದ ರಫ್ಸ್ ಟವರಿಗೆ ಹೊರಟ. ಅಲ್ಲಿ ಆಗಲೇ ಕ್ಯಾರೊಲೈನ್ ಕಡೆಯೋರು ಕಣ್ಣು ಹಾಕಿ ಜನ ಇಟ್ಟಿದ್ರು. ಅವರನ್ನ ಓಡಿಸಿದ. ಅವರು 1967ರಲ್ಲಿ ದೋಣೀಲಿ ಬಂದು ವಾಪಸ್ ಕಿತ್ಕೊಳ್ಳೋಕೆ ನೋಡಿದ್ರೆ ಇವನೂ ಇವನ ಮಗ ಮೈಕಲ್ಲೂ ಮೇಲಿಂದ ಪೆಟ್ರೋಲ್ ಬಾಂಬ್ ಎಸೆದು ಗುಂಡು ಹಾರಿಸಿ ಹಿಂದಕ್ಕೆ ಕಳ್ಸಿದ್ರು.

ಇಷ್ಟೆಲ್ಲ ಒದ್ದಾಡಿ ಕೋಟೆ ಕೈಗೆ ಬಂತು, ಆದ್ರೆ ಅಲ್ಲಿಂದ ಒಂದು ಹಾಡೂ ಪ್ರಸಾರ ಆಗ್ಲಿಲ್ಲ. 1967ರ ಆಗಸ್ಟಿನಲ್ಲಿ ಬಂದ ಹೊಸ ಕಾನೂನು ಪೈರೇಟ್ ರೇಡಿಯೋಗೆ ಕೆಲಸ ಮಾಡೋ, ಸಾಮಾನು ತಲುಪಿಸೋ, ಜಾಹೀರಾತು ಕೊಡೋ ಬ್ರಿಟಿಷರನ್ನೇ ಅಪರಾಧಿ ಮಾಡ್ತು. ಜಾಹೀರಾತು ಇಲ್ದೆ ರೇಡಿಯೋ ನಡೆಯೋದು ಹೇಗೆ? ಆಗ ಬೇಟ್ಸ್ ಪ್ಲಾನ್ ಬದಲಾಯಿಸಿದ. 1967ರ ಸೆಪ್ಟೆಂಬರ್ 2ನೇ ತಾರೀಕು, ಹೆಂಡತಿ ಜೋನ್ ಹುಟ್ಟುಹಬ್ಬದ ದಿನ, ಬಾವುಟ ಹಾರಿಸಿ ಇದು ಪ್ರಿನ್ಸಿಪಾಲಿಟಿ ಆಫ್ ಸೀಲ್ಯಾಂಡ್, ಅಂದ್ರೆ ಸೀಲ್ಯಾಂಡ್ ಸಂಸ್ಥಾನ, ನಾನು ಪ್ರಿನ್ಸ್, ಇವಳು ಪ್ರಿನ್ಸೆಸ್ ಅಂತ ಘೋಷಿಸಿದ. ಹಾಳೂರಿಗೆ ಉಳಿದೋನೇ ಗೌಡ ಅನ್ನೋ ಗಾದೆನ ಯಾರಾದ್ರೂ ಅಕ್ಷರಶಃ ಮಾಡಿ ತೋರಿಸಿದ್ರೆ ಅದು ಈ ಮನುಷ್ಯ. ಅದೇ ತಿಂಗಳು 30ಕ್ಕೆ ಬಿಬಿಸಿಯೋರು ಪಾಪ್ ಹಾಡಿಗೇ ಅಂತ ರೇಡಿಯೋ 1 ಶುರು ಮಾಡಿದ್ರು, ಅಂದ್ರೆ ಯಾವ ಕಾರಣಕ್ಕೆ ಅಪ್ಪ ಮಗ ಕೋಟೆ ಹತ್ತಿದ್ರೋ ಆ ಕಾರಣಾನೇ ಒಂದು ತಿಂಗಳೊಳಗೆ ಮುಗಿದುಹೋಯ್ತು.

ಪ್ರಶ್ನೆ: ಬ್ರಿಟಿಷ್ ಕೋರ್ಟೇ ಸೀಲ್ಯಾಂಡ್ ಸ್ವತಂತ್ರ ಅಂತ ಒಪ್ಕೊಂಡಿದೆ ಅಂತ ಓದಿದೀನಿ. ಆಮೇಲೂ ನೀವು ದೇಶ ಅಲ್ಲ ಅಂತೀರಾ?

ಅಂತೀನಿ. ಈ ಒಂದು ಮಾತಿಂದಾನೇ ಅರ್ಧ ಗೊಂದಲ ಹುಟ್ಟಿರೋದು, ಸ್ವಲ್ಪ ನಿಧಾನಕ್ಕೆ ನೋಡೋಣ.

1968ರಲ್ಲಿ ಹತ್ತಿರದ ಒಂದು ಬಾಯ್ ರಿಪೇರಿ ಮಾಡೋಕೆ, ಅಂದ್ರೆ ಹಡಗುಗಳಿಗೆ ದಾರಿ ತೋರ್ಸೋಕೆ ನೀರಲ್ಲಿ ತೇಲಿಬಿಟ್ಟಿರ್ತಾರಲ್ಲ ಅದನ್ನ, ಕೆಲಸಗಾರರು ದೋಣೀಲಿ ಬಂದ್ರು. ಕೋಟೆ ಮೇಲಿಂದ ಮೈಕಲ್ ಗುಂಡು ಹಾರಿಸಿದ, ಎಚ್ಚರಿಕೆಗೆ ಅಂತ. ಆಮೇಲೆ ಅಪ್ಪ ಮಗ ಇಬ್ಬರ ಮೇಲೂ ಬಂದೂಕು ಕಾಯ್ದೆ ಪ್ರಕಾರ ಕೇಸಾಯ್ತು, ಚೆಲ್ಮ್ಸ್‌ಫರ್ಡ್ ಕೋರ್ಟಿಗೆ ಬಂತು. ಜಡ್ಜ್ ಹೇಳಿದ್ದು ಇಷ್ಟು: ಘಟನೆ ನಡೆದಿದ್ದು ಮೂರು ಮೈಲಿಯಾಚೆ, ಈ ಕಾಯ್ದೆ ಅಲ್ಲಿಗೆ ತಲುಪಲ್ಲ, ಆದ್ದರಿಂದ ಈ ಕೋರ್ಟಿಗೆ ಇದನ್ನ ವಿಚಾರಣೆ ಮಾಡೋ ಅಧಿಕಾರ ಇಲ್ಲ. ಕೇಸ್ ಬಿದ್ದುಹೋಯ್ತು. ಬೇಟ್ಸ್ ಮನೆಯೋರು ಅವತ್ತಿಂದ ಇವತ್ತಿನವರೆಗೂ ಇದನ್ನೇ ತಮ್ಮ ಸ್ವಾತಂತ್ರ್ಯದ ಪತ್ರ ಅಂತ ತೋರಿಸ್ತಾರೆ. ಆದ್ರೆ "ಇದು ನನ್ನ ಲಿಮಿಟ್ಟಲ್ಲಿ ಬರಲ್ಲ" ಅನ್ನೋದೇ ಬೇರೆ, "ಇದು ನಿಂದು" ಅನ್ನೋದೇ ಬೇರೆ. ರಸ್ತೇಲಿ ಬಿದ್ದಿರೋ ಪರ್ಸ್ ನಂದಲ್ಲ ಅಂತ ನಾನಂದ್ರೆ, ಅದು ನಿಮ್ಮದು ಅಂತ ನಾನು ಬರ್ಕೊಟ್ಟ ಹಾಗಾಗುತ್ತಾ?

ಅಂತಾರಾಷ್ಟ್ರೀಯ ಕಾನೂನಲ್ಲಿ ದೇಶ ಅಂದ್ರೆ ಏನಿರಬೇಕು ಅಂತ 1933ರ ಮಾಂಟೆವಿಡಿಯೊ ಒಪ್ಪಂದ ನಾಲ್ಕು ವಿಷಯ ಹೇಳುತ್ತೆ: ಖಾಯಂ ಜನ, ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹಾರ ಮಾಡೋ ಶಕ್ತಿ. ಸೀಲ್ಯಾಂಡ್ ಎಡವೋದು ನೆಲದಲ್ಲೇ. 1978ರಲ್ಲಿ ಸೀಲ್ಯಾಂಡಿನ ಪೌರ ಅಂತ ಹೇಳ್ಕೊಂಡ ಒಬ್ಬನ ಕೇಸಲ್ಲಿ ಜರ್ಮನಿಯ ಕೊಲೋನ್ ಕೋರ್ಟ್, ಸಮುದ್ರದ ತಳಕ್ಕೆ ಕಂಬ ನೆಟ್ಟ ಮಾತ್ರಕ್ಕೆ ಮನುಷ್ಯ ಕಟ್ಟಿದ ಪ್ಲಾಟ್‌ಫಾರ್ಮ್ ಭೂಮಿಯ ನೆಲ ಆಗಲ್ಲ, ಅಲ್ಲಿ ಇರೋರು ಸೇರಿ ಒಂದು ಸಮುದಾಯವಾಗಿ ಬಾಳ್ತಾನೂ ಇಲ್ಲ ಅಂತ ಹೇಳಿ ಅದು ರಾಷ್ಟ್ರ ಅಲ್ಲ ಅಂತ ತೀರ್ಪು ಕೊಟ್ಟಿದೆ. ವಿಶ್ವಸಂಸ್ಥೆಯ ಸಮುದ್ರ ಕಾನೂನೂ ಕೃತಕ ದ್ವೀಪಕ್ಕೆ ದ್ವೀಪದ ಸ್ಥಾನ ಇಲ್ಲ ಅನ್ನುತ್ತೆ. ಇಷ್ಟರ ಮೇಲೆ 1987ರಲ್ಲಿ ಬ್ರಿಟನ್ ತನ್ನ ಸಮುದ್ರ ಗಡೀನ ಮೂರರಿಂದ ಹನ್ನೆರಡು ನಾಟಿಕಲ್ ಮೈಲಿಗೆ ಹಿಗ್ಗಿಸ್ತು, ಈಗ ರಫ್ಸ್ ಟವರ್ ಬ್ರಿಟನ್ ಪ್ರಕಾರ ಅವರ ನೀರಲ್ಲೇ ಇದೆ. ಸೀಲ್ಯಾಂಡೂ ಬಿಡಲಿಲ್ಲ, ನಮ್ಮದೂ ಹನ್ನೆರಡು ಮೈಲಿ ಅಂತ ಘೋಷಿಸ್ತು! ಆ ಲೆಕ್ಕದಲ್ಲಿ ಸಫೋಕ್ ತೀರದ ಒಂದಷ್ಟು ಭಾಗ ಸೀಲ್ಯಾಂಡಿನ ಸಮುದ್ರದೊಳಗೆ ಬರಬೇಕು.

ಪ್ರಶ್ನೆ: ಸೀಲ್ಯಾಂಡಲ್ಲಿ ಯುದ್ಧ ಆಗಿತ್ತು ಅಂತಾರೆ, ನಿಜವಾ ಕಟ್ಟುಕಥೆಯಾ?

ಯುದ್ಧ ಅಂದ್ರೆ ಸ್ವಲ್ಪ ಜಾಸ್ತಿ ಆಯ್ತು, ಆದ್ರೆ ನಡೆದಿದ್ದು ನಿಜ. ಅಲೆಕ್ಸಾಂಡರ್ ಆಕೆನ್‌ಬಾಖ್ ಅಂತ ಒಬ್ಬ ಜರ್ಮನ್ ಸೀಲ್ಯಾಂಡಿನ ಪ್ರಧಾನಿ ಅಂತ ಹೇಳ್ಕೊಂಡು ಓಡಾಡ್ತಿದ್ದ. 1978ರ ಆಗಸ್ಟಿನಲ್ಲಿ ರಾಯ್ ಮತ್ತು ಜೋನ್ ಆಸ್ಟ್ರಿಯಾಕ್ಕೆ ಹೋಗಿದ್ದಾಗ ಇವನ ಕಡೆಯ ಜರ್ಮನ್, ಡಚ್ ಜನ ಬಂದು ಕೋಟೆ ಹಿಡ್ಕೊಂಡು, ಅಲ್ಲಿದ್ದ ಮೈಕಲ್ಲನ್ನ ಒತ್ತೆ ಇಟ್ಕೊಂಡ್ರು. ಕೆಲವು ದಿನ ಆದ್ಮೇಲೆ ಅವನನ್ನ ನೆದರ್ಲೆಂಡ್ಸಿಗೆ ತಗೊಂಡು ಹೋಗಿ ಬಿಟ್ರು. ಅಪ್ಪ ಮಗ ಮತ್ತೆ ಸೇರಿ, ಸಿನಿಮಾಗಳಿಗೆ ಸ್ಟಂಟ್ ಹಾರಿಸ್ತಿದ್ದ ಪೈಲಟ್ ಒಬ್ಬನ ಹೆಲಿಕಾಪ್ಟರ್ ಹತ್ತಿ, ಬಂದೂಕು ಹಿಡ್ಕೊಂಡು ಹಗ್ಗ ಇಳಿದು ಡೆಕ್ ಮೇಲೆ ಧುಮುಕಿದ್ರು, ಬಂದೋರೆಲ್ಲ ಕೈ ಎತ್ತಿದ್ರು.

ಸ್ವಾರಸ್ಯ ಇರೋದು ಅದಾದ್ಮೇಲೆ. ಬಾಕಿಯೋರನ್ನೆಲ್ಲ ಬಿಟ್ರೂ ಒಬ್ಬ ಜರ್ಮನ್ ವಕೀಲನ್ನ ಮಾತ್ರ ಬಿಡಲಿಲ್ಲ, ಯಾಕಂದ್ರೆ ಅವನ ಹತ್ರ ಸೀಲ್ಯಾಂಡ್ ಪಾಸ್‌ಪೋರ್ಟ್ ಇತ್ತು, ಅಂದ್ರೆ ಅವನು ನಮ್ಮ ಪ್ರಜೆ, ಅಂದ್ರೆ ಇದು ರಾಜದ್ರೋಹ! 75,000 ಜರ್ಮನ್ ಮಾರ್ಕ್ ದಂಡ ಕಟ್ಟು ಅಂದ್ರು. ಜರ್ಮನಿ ಬ್ರಿಟನ್ ಹತ್ರ ಹೋಯ್ತು, ನಮ್ಮ ಪ್ರಜೆನ ಬಿಡಿಸಿಕೊಡಿ ಅಂತ. ಬ್ರಿಟನ್ ಏನಂತು ಗೊತ್ತಾ, 1968ರ ಆ ತೀರ್ಪನ್ನೇ ತೋರಿಸಿ ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತು. ಜರ್ಮನಿ ವಿಧಿಯಿಲ್ದೆ ಲಂಡನ್ ರಾಯಭಾರ ಕಚೇರಿಯಿಂದ ಒಬ್ಬ ಅಧಿಕಾರೀನ ಕೋಟೆಗೇ ಕಳಿಸ್ತು. ಕೆಲವು ವಾರ ಆದ್ಮೇಲೆ ವಕೀಲನ ಬಿಡುಗಡೆ ಆಯ್ತು, ದಂಡನೂ ಕಟ್ಟಲಿಲ್ಲ. ರಾಯ್ ಬೇಟ್ಸ್ ಮಾತ್ರ ರಾಯಭಾರಿ ಕಚೇರಿಯೋರು ನನ್ನ ಬಾಗಿಲಿಗೆ ಬಂದ್ರು, ಜರ್ಮನಿ ನಮ್ಮನ್ನ ಒಪ್ಕೊಂಡ ಹಾಗೇ ಆಯ್ತು ಅಂತ ಸಾಯೋವರೆಗೂ ಹೇಳ್ಕೊಂಡ. ಜರ್ಮನಿ ಹಾಗೆ ಯಾವತ್ತೂ ಅಂದಿಲ್ಲ. ಆಕೆನ್‌ಬಾಖ್ ಜರ್ಮನೀಲಿ ಕೂತು ಸೀಲ್ಯಾಂಡಿನ ದೇಶಭ್ರಷ್ಟ ಸರ್ಕಾರ ಅಂತ ಬೇರೆ ಬೋರ್ಡ್ ಹಾಕ್ದ.

ಪ್ರಶ್ನೆ: ಸೀಲ್ಯಾಂಡ್ ಪಾಸ್‌ಪೋರ್ಟ್ ಸಿಕ್ಕಿದ್ರೆ ಅದರಲ್ಲಿ ವಿದೇಶ ಸುತ್ತಬಹುದಾ?

ಇಲ್ಲ. ದಯವಿಟ್ಟು ಟ್ರೈ ಮಾಡ್ಬೇಡಿ. ಯಾವ ದೇಶವೂ ಸೀಲ್ಯಾಂಡನ್ನ ಮಾನ್ಯ ಮಾಡಿಲ್ಲ. ಹಿಂದೆ ಅವರು ಒಂದಿಷ್ಟು ಪಾಸ್‌ಪೋರ್ಟ್ ಕೊಟ್ಟಿದ್ದು ನಿಜ, ಆದ್ರೆ ಸ್ಪೇನ್ ಕಡೆಯ ಒಂದು ಗ್ಯಾಂಗು ಸೀಲ್ಯಾಂಡ್ ಹೆಸರಲ್ಲಿ ಸಾವಿರಾರು ನಕಲಿ ಪಾಸ್‌ಪೋರ್ಟ್ ಅಚ್ಚು ಹಾಕಿ ಮಾರಿಬಿಡ್ತು. ಇಲ್ಲದ ದೇಶದ ಪಾಸ್‌ಪೋರ್ಟಿಗೂ ನಕಲಿ! ಗಲಾಟೆ ಜೋರಾದ್ಮೇಲೆ 1997ರಲ್ಲಿ ಬೇಟ್ಸ್ ಮನೆಯೋರು ತಾವು ಕೊಟ್ಟಿದ್ದನ್ನೂ ಸೇರಿಸಿ ಎಲ್ಲಾ ಪಾಸ್‌ಪೋರ್ಟ್ ರದ್ದು ಮಾಡಿದ್ರು.

ಈಗ ಅವರು ಮಾರೋದು ಬಿರುದು. ದುಡ್ಡು ಕೊಟ್ರೆ ಲಾರ್ಡ್, ಲೇಡಿ ಅಂತ ಸರ್ಟಿಫಿಕೇಟ್ ಬರುತ್ತೆ. ಸಫೋಕಿನಲ್ಲೇ ಬೆಳೆದ ಗಾಯಕ ಎಡ್ ಶೀರನ್ ಅಲ್ಲಿನ ಬ್ಯಾರನ್. ಗೋಡೆಗೆ ತೂಗುಹಾಕೋಕೆ ಚೆನ್ನಾಗಿರುತ್ತೆ, ತಪ್ಪೇನಿಲ್ಲ.

ಪ್ರಶ್ನೆ: ಅಲ್ಲಿ ಸರ್ವರ್ ಇಟ್ರೆ ಯಾವ ದೇಶದ ಕಾನೂನೂ ಮುಟ್ಟಲ್ಲ ಅಂತ ಕಂಪ್ಯೂಟರ್ ಫೀಲ್ಡಿನ ಸ್ನೇಹಿತ ಹೇಳ್ತಾನೆ.

ನಿಮ್ಮ ಸ್ನೇಹಿತ 2000ನೇ ಇಸವೀಲಿ ನಿಂತಿದಾರೆ ಅನ್ಸುತ್ತೆ. ಆ ವರ್ಷ ಹೇವನ್‌ಕೋ ಅನ್ನೋ ಕಂಪನಿ ಇದೇ ಮಾತು ಹೇಳಿ ಕೋಟೇಲಿ ಸರ್ವರ್ ಇಟ್ಟಿತ್ತು, ಪತ್ರಿಕೆಗಳೂ ಬಾಯ್ತುಂಬ ಬರೆದ್ವು. ಆದ್ರೆ ಕರೆಂಟು ಜನರೇಟರಿಂದ ಬರಬೇಕು, ಡೀಸೆಲ್ ದೋಣೀಲಿ ಬರಬೇಕು, ಇಂಟರ್ನೆಟ್ ದಡದಿಂದಾನೇ ಬರಬೇಕು. ದಡದೋನು ಲೈನ್ ಕತ್ತರಿಸಿದ್ರೆ ನಿಮ್ಮ ಸ್ವಾತಂತ್ರ್ಯ ಏನು ಕಡಲಲ್ಲಿ ತೇಲುತ್ತಾ? ಗಿರಾಕಿಗಳು ಬೆರಳೆಣಿಕೆಯಷ್ಟೇ, ರಾಜಮನೆತನಕ್ಕೂ ಕಂಪನಿಗೂ ಜಗಳ, ಸ್ಥಾಪಕರಲ್ಲಿ ಒಬ್ಬನಾದ ರಯಾನ್ ಲ್ಯಾಕಿ 2002ರಲ್ಲಿ ಬಿಟ್ಟುಬಂದು ಮಾರನೇ ವರ್ಷ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಅಷ್ಟೂ ಕಥೆ ಬಿಚ್ಚಿಟ್ಟ. 2008ಕ್ಕೆ ಹೇವನ್‌ಕೋ ಬಾಗಿಲು ಮುಚ್ತು.

ಪ್ರಶ್ನೆ: ದೇಶ ಅಲ್ಲ ಅಂದ್ಮೇಲೆ ಬ್ರಿಟನ್ ಅಷ್ಟು ವರ್ಷದಿಂದ ಯಾಕೆ ಸುಮ್ನಿದೆ? ಒಂದು ಹಡಗು ಕಳಿಸಿದ್ರೆ ಸಾಕಲ್ವಾ?

ಇದು ಸರಿಯಾದ ಪ್ರಶ್ನೆ. 1967ರಲ್ಲಿ ಬ್ರಿಟಿಷ್ ಸೈನ್ಯ ಇದರ ಜೊತೆಗಿದ್ದ ಸಂಕ್ ಹೆಡ್ ಕೋಟೆನ, ಇನ್ಯಾರೂ ಹತ್ತಬಾರದು ಅಂತ ಸ್ಫೋಟಿಸಿ ಉರುಳಿಸಿತ್ತು. ಇಟಲೀಲಿ ಜಾರ್ಜೋ ರೋಸಾ ಅನ್ನೋ ಎಂಜಿನಿಯರ್ ರಿಮಿನಿ ಹತ್ರ ಸಮುದ್ರದಲ್ಲಿ ಸುಮಾರು 400 ಚದರ ಮೀಟರಿನ ಪ್ಲಾಟ್‌ಫಾರ್ಮ್ ತಾನೇ ಕಟ್ಟಿ, 1968ರ ಮೇ 1ಕ್ಕೆ ಸ್ವತಂತ್ರ ದೇಶ ಅಂತ ಘೋಷಿಸಿ ಎಸ್ಪೆರಾಂಟೋನ ರಾಷ್ಟ್ರಭಾಷೆ ಮಾಡಿದ್ದ. ಎರಡು ತಿಂಗಳೂ ತುಂಬಿರಲಿಲ್ಲ, ಪೊಲೀಸರು ಬಂದು ಹಿಡ್ಕೊಂಡ್ರು, 1969ರ ಫೆಬ್ರವರೀಲಿ ನೌಕಾಪಡೆ ಡೈನಮೈಟ್ ಇಟ್ಟು ಕೆಡವಿ ಹಾಕ್ತು.

ರಫ್ಸ್ ಟವರಲ್ಲಿ ಹಾಗೆ ಮಾಡೋಕಾಗಲ್ಲ, ಯಾಕಂದ್ರೆ ಮೇಲೆ ಯಾವಾಗ್ಲೂ ಯಾರಾದ್ರೂ ಇದ್ದೇ ಇರ್ತಿದ್ರು, ಅವರ ಕೈಲಿ ಬಂದೂಕೂ ಇರ್ತಿತ್ತು. ಒಂದು ಸಂಸಾರದ ಮೇಲೆ ಸೈನ್ಯ ನುಗ್ಗಿ ಯಾರಾದ್ರೂ ಸತ್ರೆ ಪೇಪರಲ್ಲಿ ಏನು ಬರುತ್ತೆ ಯೋಚ್ನೆ ಮಾಡಿ. ಹಾವೂ ಸಾಯಬಾರದು ಕೋಲೂ ಮುರೀಬಾರದು ಅಂತ ಸರ್ಕಾರ ದೂರ ಉಳೀತು. ಆ ಕಡೆ ಸೀಲ್ಯಾಂಡಿಂದ ಯಾರಿಗೂ ಅಂಥ ತೊಂದರೆನೂ ಇಲ್ಲ. ನನ್ನ ಕೇಳಿದ್ರೆ ಸೀಲ್ಯಾಂಡ್ ಉಳಿದಿರೋದು ಕಾನೂನಿನ ಬಲದಿಂದ ಅಲ್ಲ, ಕೆಡವೋ ಖರ್ಚಿಗಿಂತ ಬಿಟ್ಟುಬಿಡೋದು ಅಗ್ಗ ಅನ್ನೋ ಲೆಕ್ಕದಿಂದ. 2006ರ ಜೂನ್‌ನಲ್ಲಿ ಜನರೇಟರಿಂದ ಡೆಕ್ಕಿಗೆ ಬೆಂಕಿ ಹತ್ಕೊಂಡಾಗ ಮೇಲಿದ್ದ ಒಬ್ಬನನ್ನ ಎತ್ಕೊಂಡು ಇಪ್ಸ್‌ವಿಚ್ ಆಸ್ಪತ್ರೆಗೆ ಸೇರಿಸಿದ್ದು ಬ್ರಿಟಿಷ್ ವಾಯುಪಡೆಯ ಹೆಲಿಕಾಪ್ಟರ್. ಪಾಸ್‌ಪೋರ್ಟ್ ಯಾವುದು ಅಂತ ಕೇಳ್ತಾ ಕೂರಲಿಲ್ಲ.

ಪ್ರಶ್ನೆ: ಈಗ ಅಲ್ಲಿ ಯಾರಿದಾರೆ? ನೋಡೋಕೆ ಹೋಗಬಹುದಾ?

ರಾಯ್ ಬೇಟ್ಸ್ 2012ರ ಅಕ್ಟೋಬರಿನಲ್ಲಿ 91ನೇ ವಯಸ್ಸಲ್ಲಿ ತೀರ್ಕೊಂಡ, ಜೋನ್ 2016ರಲ್ಲಿ. ಈಗ ಪ್ರಿನ್ಸ್ ಅಂದ್ರೆ ಅದೇ ಮೈಕಲ್, ಆದ್ರೆ ಅವನು ವಾಸ ಇರೋದು ಇಂಗ್ಲೆಂಡಿನ ದಡದಲ್ಲಿ, ಚಿಪ್ಪುಮೀನು ಹಿಡಿಯೋ ದಂಧೆ ಮನೆತನದ್ದು. ಕೋಟೇಲಿ ಇರೋದು ಕಾವಲಿನೋರು ಮಾತ್ರ.

ಸುಮ್ನೆ ದೋಣಿ ಮಾಡ್ಕೊಂಡು ಹೋದ್ರೆ ಕೆಳಗಿಂದ ಕತ್ತೆತ್ತಿ ಎರಡು ಕಂಬ ನೋಡ್ಕೊಂಡು ಬರಬೇಕು ಅಷ್ಟೆ, ಹತ್ತೋಕೆ ಅವರ ಅನುಮತಿ ಬೇಕು. ಕರೆದ್ರೂ ಮೆಟ್ಟಿಲು ಹತ್ಕೊಂಡು ಹೋಗೋ ಹಾಗಿಲ್ಲ. ಮೇಲಿಂದ ಕ್ರೇನಲ್ಲಿ ಉಯ್ಯಾಲೆ ಥರದ ಒಂದು ಸೀಟು ಇಳಿಸ್ತಾರೆ, ದೋಣಿ ಅಲೇಲಿ ಮೇಲೆ ಕೆಳಗೆ ಆಗ್ತಿರೋವಾಗ್ಲೇ ಅದನ್ನ ಹಿಡಿದು ಕೂತ್ಕೋಬೇಕು, ಆಮೇಲೆ ಗಾಳೀಲಿ ತಿರುಗ್ತಾ ತಿರುಗ್ತಾ ಮೇಲೆ ಹೋಗ್ಬೇಕು.