ಸೂಪಾ ಹಿನ್ನೀರಿನ ಊರಿನವರು ಯಾರ ಕಡೆ?

ಕಾರವಾರದವರು ಮನೆಯಲ್ಲಿ ಕೊಂಕಣಿ ಆಡುತ್ತಾರೆಂದರೆ ಅವರ ಮನಸ್ಸೂ ಗೋವಾದಲ್ಲಿಯೇ ಇರಬೇಕು ಎಂಬ ಗುಮಾನಿ ಘಟ್ಟದ ಮೇಲಿನ ಬಹಳ ಜನರಿಗಿದೆ. ಮೈಸೂರಿನಿಂದ ಬಂದ ನನ್ನ ಗೆಳೆಯನಿಗೂ ಇತ್ತು. ಕಡಲತೀರ ತೋರಿಸಿ ಕಳುಹಿಸುವ ಬದಲು ಕದ್ರಾ ದಾಟಿ, ಅಣಶಿ ಘಟ್ಟ ಹತ್ತಿ, ಜೋಯಿಡಾ ತಾಲೂಕಿನಲ್ಲಿ ಸೂಪಾ ಹಿನ್ನೀರಿನ ದಂಡೆಯ ಹಳ್ಳಿಯೊಂದಕ್ಕೆ ಅವನನ್ನು ಕರೆದೊಯ್ದೆ. ಪರಿಚಯದ ಕುಣಬಿ ಸಮುದಾಯದ ಕುಟುಂಬವೊಂದರಲ್ಲಿ ಉಳಿದೆವು.

ಅಷ್ಟಗಲದ ನೀರನ್ನು ನೋಡಿ ಅವನು ಕೆರೆ ಎಂದುಕೊಂಡ. ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ್ದರಿಂದ ನಿಂತ ನೀರು ಅದು. ಕಾಳಿಯೂ ಪಾಂಢರಿಯೂ ಕೂಡುವ ಕಡೆ ಇದ್ದ ಸೂಪಾ ಪೇಟೆ ಅದರಡಿ ಹೋಯಿತು. ಮುಳುಗಡೆಯಾದವರಿಗೆ ರಾಮನಗರದಲ್ಲಿ ನೆಲೆ ಕೊಟ್ಟರು. ಪ್ರವಾಸಿಗರು ಬಾಯಿತುಂಬ ಹೊಗಳುವ ಈ ನಿಶ್ಶಬ್ದ ಹಾಗೆ ಬಂದದ್ದು. ಇದೇ ನದಿಯ ನೀರು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಸಾಲಾಗಿ ವಿದ್ಯುತ್ ಕೊಡುತ್ತದೆ. ಕೈಗಾ ಅಣುಸ್ಥಾವರವನ್ನು ತಣ್ಣಗಿಡುವುದೂ ಕದ್ರಾದ ನೀರೇ. ನಾವಿದ್ದ ಸಂಜೆ ಒಂದು ಮಳೆ ಬಿದ್ದದ್ದೇ ತಡ, ಕರೆಂಟು ಹೋಯಿತು. ಗೆಳೆಯ ನಕ್ಕ. ಮನೆಯವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಊಟಕ್ಕೆ ಮುಡ್ಲಿ ಗೆಡ್ಡೆಯ ಹೋಳುಗಳನ್ನು ಖಾರ ಸವರಿ, ರವೆಯಲ್ಲಿ ಹೊರಳಿಸಿ ಹುರಿದಿದ್ದರು. ಕುಣಬಿಗಳು ಉಳಿಸಿಕೊಂಡು ಬಂದಿರುವ ಗೆಡ್ಡೆಗಳಿಗಾಗಿಯೇ ಜೋಯಿಡಾದಲ್ಲಿ ಮೇಳ ನಡೆಯುತ್ತದೆ. ಮೀನಿನ ಊರಿನವನಾದ ನಾನೇ ಆ ರಾತ್ರಿ ಮೀನನ್ನು ಮರೆತೆ.

ಉಣ್ಣುತ್ತಲೇ ಗೆಳೆಯ ಕಿವಿಗೊಟ್ಟಿದ್ದ. ಯಜಮಾನರು ಹೆಂಡತಿಯೊಡನೆ ಕೊಂಕಣಿ ಆಡಿದರು, ಮೊಮ್ಮಗನ ಪಾಠವನ್ನು ಕನ್ನಡದಲ್ಲಿ ಓದಿಸಿದರು, ಫೋನಿನಲ್ಲಿ ರಾಮನಗರದ ವ್ಯಾಪಾರಿಯೊಡನೆ ಮರಾಠಿಯಲ್ಲಿ ಜಗಳವಾಡಿದರು. 'ಹಾಗಾದರೆ ಇವರು ಯಾರ ಕಡೆ?' ಎಂದು ಅವನು ಮೆಲ್ಲಗೆ ಕೇಳಿದ.

ಗಡಿ ಎಂದರೆ ಒಂದು ಕಡೆ ನಿಲ್ಲಲೇಬೇಕಾದ ಜಾಗ ಎಂದು ಭಾವಿಸಿದರೆ ಮಾತ್ರ ಹುಟ್ಟುವ ಪ್ರಶ್ನೆ ಅದು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆಳುವ ರಾಜಧಾನಿ ಬದಲಾದಾಗ ಅಡುಗೆಮನೆಯ ಮಾತು ಬದಲಾಗಲಿಲ್ಲ, ಅಷ್ಟೆ. ಪಹಣಿ, ಪಡಿತರ ಚೀಟಿ, ಶಾಲೆಯ ಪುಸ್ತಕ ಎಲ್ಲವೂ ಕನ್ನಡದಲ್ಲಿವೆ, ನೆಂಟರು ಗೋವಾದಲ್ಲಿದ್ದಾರೆ. ಕಾರವಾರದ ಮನೆಗಳ ಕಥೆಯೂ ಹೆಚ್ಚುಕಡಿಮೆ ಇದೇ.

ನಮ್ಮ ನಿಷ್ಠೆಯನ್ನು ಅಳೆಯಲು ಬರುವವರು ಆಸ್ಪತ್ರೆಯ ಬಗ್ಗೆ ಕೇಳುವುದಿಲ್ಲ ಎಂಬುದೇ ನನ್ನ ತಕರಾರು. ಕಾಯಿಲೆ ಜೋರಾದರೆ ಕಾರವಾರದವರು ಗೋವಾದ ಬಾಂಬೋಳಿಯ ಆಸ್ಪತ್ರೆಗೆ ಓಡುತ್ತಾರೆ, ಈ ಹಳ್ಳಿಯವರು ಬೆಳಗಾವಿಗೋ ಗೋವಾಕ್ಕೋ ಗಾಡಿ ಹುಡುಕುತ್ತಾರೆ. ಇದನ್ನು ಹೇಳಿದಾಗ ಯಜಮಾನರು ತಲೆಯಾಡಿಸಿ, ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಒಂದು ಕಾಗದದ ಕೆಲಸಕ್ಕೆ ಹೋದರೂ ಇಡೀ ದಿನ ಮುಗಿಯುತ್ತದೆ ಎಂದರು. ಅದನ್ನು ಹೇಳಿದ್ದು ಕನ್ನಡದಲ್ಲಿ, ಗೆಳೆಯನ ಕಡೆಗೆ ತಿರುಗಿ.