ಚರ್ಚ್ ಸಭೆಯಲ್ಲಿ ಗುಂಪು ನಡೆಸುವ ಮುಂಚೆ ಮನಸ್ಸು ಪೂರ್ತಿ ಶುದ್ಧವಾಗಿರಬೇಕಾ?

ಪ್ರತಿ ರಾತ್ರಿ ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳುತ್ತೀರಿ. ಒಳಗೆ ಹೆಮ್ಮೆ ಇನ್ನೂ ಉಳಿದಿದೆ, ಅದು ಹೋಗುವ ತನಕ ಯೌವನಸ್ಥರ ಗುಂಪಿನ ಜವಾಬ್ದಾರಿ ಬೇಡ ಅನ್ನುತ್ತೀರಿ. ನಾನೂ ಹಾಗೇ ಇದ್ದೆ. ಜವಾಬ್ದಾರಿ ತೆಗೆದುಕೊಂಡ ಮೇಲೂ ಹಾಗೇ ಇದ್ದೆ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಮಲಗುವ ಮುಂಚೆ ಬೈಬಲಿನ 139ನೇ ಕೀರ್ತನೆಯ ಕೊನೆಯ ಎರಡು ವಚನ, ದೇವರೇ ನನ್ನ ಹೃದಯವನ್ನು ಪರೀಕ್ಷಿಸು ಅನ್ನುವ ಭಾಗ ಓದಿ, ಆ ದಿನದ ತಪ್ಪುಗಳನ್ನು ಬರೆಯುತ್ತಿದ್ದೆ. ಸಿಟ್ಟು, ಹೊಗಳಿಕೆಯ ಆಸೆ, ಸಣ್ಣ ಸುಳ್ಳು, ಎಲ್ಲಾ. ನನ್ನಷ್ಟು ಪ್ರಾಮಾಣಿಕನಾದ ನಾಯಕ ಸಭೆಯಲ್ಲಿ ಇನ್ನೊಬ್ಬನಿಲ್ಲ ಅಂತ ಅನ್ನಿಸುತ್ತಿತ್ತು. ಅದನ್ನು ಮಾತ್ರ ಬರೆಯಲಿಲ್ಲ.

ಗುಂಪಿನ ಹುಡುಗನೊಬ್ಬ ತನ್ನ ಮನೆಯ ವಿಷಯ ಹೇಳಿಕೊಂಡು, ಪ್ರಾರ್ಥನೆ ಮಾಡಿ ಅಂದಿದ್ದ. ಮುಂದಿನ ಕೂಟದಲ್ಲಿ ಕ್ಷಮೆಯ ಬಗ್ಗೆ ಮಾತಾಡುವಾಗ ಅದನ್ನೇ ಉದಾಹರಣೆಯಾಗಿ ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ. ಹೇಳದಿದ್ದರೂ ಎಲ್ಲರಿಗೂ ಗೊತ್ತಾಯಿತು. ಅವನು ತಲೆ ತಗ್ಗಿಸಿ ಕೂತಿದ್ದು ನನಗೂ ಕಾಣಿಸಿತು.

ಬಾಯಿ ಜಾರಿದ್ದು ಕೆಟ್ಟದ್ದೇ. ಆದರೆ ಅವನನ್ನು ಕಳೆದುಕೊಂಡಿದ್ದು ಆಮೇಲೆ ಮಾಡಿದ್ದರಿಂದ. ಮನೆಗೆ ಬಂದು ಪುಟ ತುಂಬಾ ಬರೆದೆ. ಅತ್ತೆ. ದೇವರ ಹತ್ತಿರ ಕ್ಷಮೆ ಕೇಳಿದೆ. ಮನಸ್ಸು ಹಗುರಾಯಿತು. ಹಗುರಾಗಿದ್ದೇ ಎಡವಟ್ಟಾಯಿತು ನೋಡಿ. ವಿಷಯ ಮುಗಿಯಿತು ಅಂತ ಮಲಗಿಬಿಟ್ಟೆ, ಅವನ ಹತ್ತಿರ ಹೋಗಲೇ ಇಲ್ಲ. ನೋವಾಗಿದ್ದು ಅವನಿಗೆ. ಅತ್ತಿದ್ದು ನಾನು, ಕ್ಷಮೆ ಸಿಕ್ಕಿತು ಅಂತ ತೀರ್ಮಾನ ಮಾಡಿದ್ದೂ ನಾನೇ. ಆರೋಪಿಯೂ ನಾನೇ, ನ್ಯಾಯಾಧೀಶನೂ ನಾನೇ! ಆಮೇಲೆ ಅವನು ಎದುರು ಸಿಕ್ಕಾಗ ನೆಮ್ಮದಿಯಿಂದ ನಕ್ಕೆ ಬೇರೆ. ಆ ನಗು ಅವನಿಗೆ ಹೇಗೆ ಕಂಡಿರಬೇಡ. ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿ ಮಾಡಿಕೋ ಅಂತ ಯೇಸು ಹೇಳಿದ್ದು ಬೈಬಲಿನ ಮತ್ತಾಯ 5ನೇ ಅಧ್ಯಾಯದಲ್ಲಿದೆ. ಆ ಭಾಗದ ಮೇಲೆ ನಾನೇ ಬೋಧನೆ ಮಾಡಿದ್ದೆ.

ಅವನು ಬರುವುದು ನಿಲ್ಲಿಸಿದ. ಉಳಿದವರು ಬಂದರು, ಆದರೆ ಪ್ರಾರ್ಥನೆಗೆ ಕೊಡುವ ವಿಷಯಗಳು ಬದಲಾದವು. ಜ್ವರ, ಪರೀಕ್ಷೆ, ಕೆಲಸ. ಅದಕ್ಕಿಂತ ಒಳಗಿನದನ್ನು ಯಾರೂ ನನ್ನ ಮುಂದೆ ಬಿಚ್ಚಲಿಲ್ಲ. ತುಂಬಾ ತಡವಾಗಿ ಅವನ ಮನೆಗೆ ಹೋದೆ. ಕ್ಷಮಿಸಿದ್ದೇನೆ ಅಂದ. ಗುಂಪಿಗೆ ಮಾತ್ರ ಮತ್ತೆ ಬರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಮನಸ್ಸು ಶುದ್ಧವಾಯಿತು ಅಂತ ಹೇಳುವವರು ಯಾರು? ನೀವೇ ಅಲ್ವಾ? ನನ್ನಲ್ಲಿ ದೋಷ ಇದೆ ಅಂತ ನನಗೆ ಅನ್ನಿಸುತ್ತಿಲ್ಲ, ಆದರೂ ಅಷ್ಟಕ್ಕೇ ನಾನು ನಿರ್ದೋಷಿ ಆಗುವುದಿಲ್ಲ ಅಂತ ಅಪೊಸ್ತಲ ಪೌಲನೇ ಕೊರಿಂಥದ ಸಭೆಗೆ ಪತ್ರದಲ್ಲಿ ಬರೆದಿದ್ದಾನೆ. ದಾವೀದ ರಾಜನನ್ನು ನೋಡಿ. ಬಡವನ ಕುರಿಮರಿ ಕಿತ್ತುಕೊಂಡವನ ಕಥೆಯನ್ನು ಪ್ರವಾದಿ ನಾತಾನ ಹೇಳಿದಾಗ ಕೇಳಿ ಕೆಂಡವಾದ, ನಾಲ್ಕರಷ್ಟು ಹಿಂದೆ ಕೊಡಬೇಕು ಅಂದ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಸಾಯಿಸಿದ್ದವನು ಇದೇ ದಾವೀದ. ಆ ಮನುಷ್ಯ ನೀನೇ ಅಂತ ನಾತಾನ ಹೇಳುವ ತನಕ ಹೊಳೆಯಲೇ ಇಲ್ಲ. ನಾನು ದಿನಾ ಓದುತ್ತಿದ್ದ 139ನೇ ಕೀರ್ತನೆಯ ಮೇಲೂ ಅವನ ಹೆಸರೇ ಇದೆ.

ಹೆಮ್ಮೆ ಪೂರ್ತಿ ಹೋಗಲಿ ಅಂತ ಕೂತರೆ ಸಾಯುವ ತನಕ ಕಾಯಬೇಕು. ಸಭೆಯ ನಾಯಕ ಹೇಗಿರಬೇಕು ಅಂತ ಬೈಬಲಿನ 1 ತಿಮೊಥೆಯ 3ರಲ್ಲಿರುವ ಪಟ್ಟಿ ಓದಿ. ಜಗಳಗಂಟನಾಗಿರಬಾರದು, ಹಣದಾಸೆ ಇರಬಾರದು, ಹೊರಗಿನವರಿಂದ ಒಳ್ಳೆ ಹೆಸರಿರಬೇಕು. ಬಹುಪಾಲು ಬೇರೆಯವರು ನೋಡಿ ಹೇಳಬಹುದಾದವೇ. ಹೊಸದಾಗಿ ನಂಬಿದವನು ಬೇಡ, ಉಬ್ಬಿಹೋದಾನು ಅಂತಲೂ ಅಲ್ಲೇ ಇದೆ. ನೀವು ಹೊಸಬರಾದರೆ ಬೇಡ ಅನ್ನಿ, ಅದು ಬೇರೆ ಮಾತು. ಇಲ್ಲದಿದ್ದರೆ ಸುಮ್ನೆ ಒಪ್ಪಿಕೊಳ್ಳಿ.

ಆದರೆ ಮೊದಲೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಸಭಾಪಾಲಕರೇ ಆಗಬೇಕಿಲ್ಲ. ನಿಮ್ಮನ್ನು ಜಾಸ್ತಿ ಹೊಗಳದವರಾದರೆ ಒಳ್ಳೆಯದು. ಕೂಟ ಮುಗಿದ ಮೇಲೆ, ಇವತ್ತು ನನ್ನಿಂದ ಯಾರಿಗೆ ನೋವಾಯಿತು ಅಂತ ಅವರನ್ನು ಕೇಳಿ. ಹೇಗೆ ಮಾತಾಡಿದೆ ಅಂತ ಕೇಳಬೇಡಿ, ಚೆನ್ನಾಗಿತ್ತು ಅಂದುಬಿಡುತ್ತಾರೆ. ಒಂದು ಹೆಸರು ಹೇಳಿದರೆ ವಾದ ಮಾಡದೆ ಅವತ್ತೇ ಆ ವ್ಯಕ್ತಿಗೆ ಫೋನ್ ಮಾಡಿ. ಇನ್ನೊಬ್ಬರ ಮನೆ ವಿಷಯವನ್ನು ಅವರನ್ನು ಕೇಳದೆ ಉದಾಹರಣೆ ಮಾಡುವುದಂತೂ ಬೇಡವೇ ಬೇಡ.