ನಿಮ್ಮ ‘ಜೀವಕೋಶದ ಹುಚ್ಚಾಟ’ ಲೇಖನದ ಬಗ್ಗೆ

ನಮಸ್ಕಾರ.

ಜೀವಕೋಶ ಒಡೆದು ಎರಡಾಗುವುದು ಹೇಗೆ, ಅದರ ಹಿಡಿತ ತಪ್ಪಿದಾಗ ಕ್ಯಾನ್ಸರ್ ಬರುವುದು ಹೇಗೆ ಅಂತ ನೀವು ಬರೆದ ಲೇಖನವನ್ನು ಪೂರ್ತಿ ಓದಿದೆ. ಇಂಥ ಬರಹ ಕನ್ನಡಕ್ಕೆ ಬೇಕೇ ಬೇಕು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

‘ನಿಯಂತ್ರಣ ತಪ್ಪುತ್ತದೆ’ ಎಂಬ ಮಾತು ಪುಟಪುಟದಲ್ಲೂ ಬರುತ್ತದೆ. ಆ ನಿಯಂತ್ರಣ ಮೊದಲು ಹೇಗಿತ್ತು? ಎಲ್ಲೂ ಹೇಳಿಲ್ಲ. ಕೋಶ ನಿಲ್ಲುವುದು ಹೇಗೆ ಅಂತಲೇ ಗೊತ್ತಿಲ್ಲದ ಓದುಗರಿಗೆ ಅದು ನಿಲ್ಲದೇ ಹೋದದ್ದು ಹೇಗೆ ಅರ್ಥವಾಗಬೇಕು? ಕೊನೆಯ ಪುಟದಲ್ಲಿ ನೀವೇ ಒಂದು ಒಳ್ಳೇ ಮಾತು ಬರೆದಿದ್ದೀರಿ: ಕೊಯ್ದ ಬೆರಳಿನ ಗಾಯ ತುಂಬಿದ ಮೇಲೆ ಕೋಶಗಳು ಒಡೆಯುವುದನ್ನು ತಾವೇ ನಿಲ್ಲಿಸುತ್ತವೆ. ಅಲ್ಲಿಂದಲೇ ಶುರು ಮಾಡಿ. ಮೊದಲಿನ ವ್ಯಾಖ್ಯಾನಗಳೆಲ್ಲ ಹೋಗಲಿ.

ಆಮೇಲೆ ಒಂದೇ ಒಂದು ಕೋಶವನ್ನು ಹತ್ತಿರದಿಂದ ತೋರಿಸಿ. ಜೀನ್‌ಗಳನ್ನು ಹೊತ್ತ 46 ವರ್ಣತಂತುಗಳೂ ನಕಲಾಗಿವೆ. ಮೂಲವೂ ನಕಲೂ ಅಂಟಿಕೊಂಡೇ ನಡುವೆ ಸಾಲಾಗುತ್ತಿವೆ. ಎರಡೂ ತುದಿಯಿಂದ ಬಂದ ಎಳೆಗಳು ಪ್ರತಿ ಜೋಡಿಯನ್ನೂ ಹಿಡಿಯಬೇಕು. 45 ಜೋಡಿ ಸಿದ್ಧ, ಒಂದಕ್ಕೆ ಮಾತ್ರ ಎಳೆ ಸಿಕ್ಕಿಲ್ಲ. ಆ ಒಂದಕ್ಕಾಗಿ ಇಡೀ ಕೋಶ ಕಾಯುತ್ತದೆ! ಇದನ್ನು ಓದಿದವರಿಗೆ ನಿಯಂತ್ರಣ ಅಂದರೇನು ಅಂತ ಮತ್ತೆ ಹೇಳಬೇಕಿಲ್ಲ. ಕೋಶ ವಿಭಜನೆಯ ನಿಯಂತ್ರಣವನ್ನು ಬಿಡಿಸಿ ತೋರಿಸಿ 2001ರ ನೊಬೆಲ್ ಪಡೆದ ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರ ಜೀವನ ಚರಿತ್ರೆ ಇಲ್ಲಿ ಬೇಡ, ಒಂದು ಸಾಲು ಸಾಕು.

ಹೆನ್ರಿಯೆಟ್ಟಾ ಲ್ಯಾಕ್ಸ್‌ಗೆ ಮಾತ್ರ ಒಂದು ಸಾಲು ಸಾಲದು. ನಿಮ್ಮ ಲೇಖನದ ಜೀವ ಇರುವುದೇ ಅಲ್ಲಿ. 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅವರ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ ಚೂರು ತೆಗೆದರು. ಸಂಶೋಧನೆಗೆ ಬಳಸಲು ಅವರ ಒಪ್ಪಿಗೆ ಕೇಳಲಿಲ್ಲ. ಅದೇ ವರ್ಷ, 31ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಕೋಶಗಳು ಇವತ್ತಿಗೂ ಲ್ಯಾಬ್‌ಗಳಲ್ಲಿ ಒಡೆಯುತ್ತಲೇ ಇವೆ. ಯಾಕೆ ಅಂತ ನೀವು ಬರೆಯಬೇಕಿತ್ತು. ಅವುಗಳೊಳಗೆ ಎಚ್‌ಪಿವಿ 18 ಎಂಬ ವೈರಸ್ಸಿನ ಜೀನ್‌ಗಳಿವೆ. ಡಿಎನ್‌ಎ ಕೆಟ್ಟಾಗ ವಿಭಜನೆ ನಿಲ್ಲಿಸಿ, ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸುವ ಪ್ರೋಟೀನು ಪಿ53. ವೈರಸ್ಸಿನ ಇ6 ಎಂಬ ಪ್ರೋಟೀನು ಅದನ್ನು ನಾಶ ಮಾಡಿಸುತ್ತದೆ. ಹೊತ್ತಲ್ಲದ ಹೊತ್ತಲ್ಲಿ ವಿಭಜನೆ ಶುರುವಾಗದಂತೆ ತಡೆಯುವುದು ಕೋಶದ ಇನ್ನೊಂದು ಪ್ರೋಟೀನು, ಆರ್‌ಬಿ. ಅದನ್ನು ವೈರಸ್ಸಿನದೇ ಇನ್ನೊಂದು ಪ್ರೋಟೀನು ಇ7 ಕಟ್ಟಿಹಾಕುತ್ತದೆ. ಹಾಗಂತ ಈ ವೈರಸ್ ಹೊಕ್ಕವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಹೆಚ್ಚಿನವರಲ್ಲಿ ದೇಹವೇ ಅದನ್ನು ಹೊರಗಟ್ಟುತ್ತದೆ. ಉಳಿದುಕೊಂಡರೂ ಇನ್ನಷ್ಟು ಜೀನ್‌ಗಳು ಕೆಡಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಇಷ್ಟು ಬರೆದರೆ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ, ವೈರಸ್ ತಗಲುವ ಮೊದಲೇ, ಲಸಿಕೆ ಯಾಕೆ ಅಂತ ಓದುಗರಿಗೆ ತಾನಾಗೇ ಗೊತ್ತಾಗುತ್ತದೆ. ದೊಡ್ಡವರಿಗೆ ತಪಾಸಣೆ ಯಾಕೆ ಅಂತಲೂ.

ತಪ್ಪುಗಳೂ ಇವೆ. ‘ಕ್ಯಾನ್ಸರ್ ಕೋಶದಷ್ಟು ವೇಗವಾಗಿ ಬೇರಾವುದೂ ಒಡೆಯದು’ ಅಂದಿದ್ದೀರಿ. ಹಾಗಲ್ಲ. ಕರುಳಿನ ಒಳಪದರ, ಮೂಳೆಮಜ್ಜೆ, ಕೂದಲಿನ ಬುಡದ ಕೋಶಗಳು ಎಷ್ಟೋ ಗಡ್ಡೆಗಳಿಗಿಂತ ಜೋರಾಗಿ ಒಡೆಯುತ್ತವೆ. ಜೋರಾಗಿ ಒಡೆಯುವ ಕೋಶಗಳಿಗೆ ಹೊಡೆಯುವ ಕೀಮೋ ಔಷಧಿ ಕೊಟ್ಟಾಗ ಕೂದಲು ಉದುರುವುದು ಅದಕ್ಕೇ. ‘ಜೀನ್ ಕಾಯಿಲೆ, ಆದ್ದರಿಂದ ಅಪ್ಪ ಅಮ್ಮನಿಂದ ಬರುತ್ತದೆ’ ಎಂಬುದೂ ಸರಿಯಲ್ಲ. ಹಾಗೆ ಬರುವುದು 100ಕ್ಕೆ ಸುಮಾರು 5ರಿಂದ 10 ಮಾತ್ರ. ಉಳಿದವರಲ್ಲಿ ಜೀನ್ ಕೆಡುವುದು ಹುಟ್ಟಿದ ಮೇಲೆ: ತಂಬಾಕಿನಿಂದ, ಬಿಸಿಲಿನಿಂದ, ಎಷ್ಟೋ ಸಲ ಸುಮ್ನೆ ನಕಲು ಮಾಡುವಾಗಿನ ತಪ್ಪಿನಿಂದ.

‘ಸದಾ ಚಿಂತೆ ಮಾಡುವವರನ್ನು ಕ್ಯಾನ್ಸರ್ ಹುಡುಕಿಕೊಂಡು ಬರುತ್ತದೆ’ ಎಂಬ ಸಾಲನ್ನು ನಾನು ಯಾವ ಕಾರಣಕ್ಕೂ ಉಳಿಸುವುದಿಲ್ಲ. ಕಿದ್ವಾಯಿ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಾ ಕೂತ ಒಬ್ಬ ತಾಯಿ ಇದನ್ನು ಓದಿದರೆ? ಕಾಯಿಲೆಯ ಜೊತೆಗೆ ತಪ್ಪನ್ನೂ ಅವರ ತಲೆಗೇ ಕಟ್ಟಿದ ಹಾಗಾಗುತ್ತದೆ, ಅಲ್ವಾ? ‘ರಾಕ್ಷಸ ಕೋಶ’, ‘ಮಹಾಸಮರ’ದಂಥ ಮಾತುಗಳನ್ನೂ ತೆಗೆಯಿರಿ. ಅವು ಹೆದರಿಸುತ್ತವೆ, ಏನನ್ನೂ ತಿಳಿಸುವುದಿಲ್ಲ.

ಉದ್ದ ಅರ್ಧಕ್ಕೆ ಇಳಿಯಲಿ. ಲಸಿಕೆಯ ಭಾಗವನ್ನು ಪರಿಚಯದ ವೈದ್ಯರೊಬ್ಬರಿಗೆ ತೋರಿಸಿ, ಆಮೇಲೆ ಕಳಿಸಿ. ನಾನೇ ಓದುತ್ತೇನೆ.